ದಾಳ ಉರುಳಿದ ಮೇಲಿನ ಮೌನ

ನಾಲ್ಕೈದು ಮಂದಿ ಸ್ನೇಹಿತರು ವಾರಕ್ಕೊಮ್ಮೆ ಒಂದು ಮೇಜಿನ ಸುತ್ತ ಕೂಡುತ್ತಾರೆ. ಮೇಜಿನ ಮೇಲೆ ಕೆಲವು ಹಾಳೆಗಳು, ಪೆನ್ಸಿಲ್ಲು, 4 ಮುಖದಿಂದ ಹಿಡಿದು 20 ಮುಖದವರೆಗಿನ ಬಣ್ಣಬಣ್ಣದ ದಾಳಗಳು, ಪಕ್ಕದಲ್ಲಿ ಒಂದಿಷ್ಟು ಕುರುಕಲು ತಿಂಡಿ. ಅವರಲ್ಲೊಬ್ಬರು ಕಥೆಯನ್ನು ನಡೆಸುವವರು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡವರು. “ನಿಮ್ಮೆದುರಿಗೆ ಒಂದು ಪಾಳುಬಿದ್ದ ಕೋಟೆಯಿದೆ, ಬಾಗಿಲು ಅರ್ಧ ತೆರೆದಿದೆ, ಒಳಗಿನಿಂದ ಹೊಗೆಯ ವಾಸನೆ ಬರುತ್ತಿದೆ, ಏನು ಮಾಡುತ್ತೀರಿ?” ಎಂದು ಮೊದಲನೆಯವರು ಕೇಳುತ್ತಾರೆ. “ಸದ್ದಾಗದಂತೆ ಒಳಗೆ ಹೋಗುತ್ತೇನೆ” ಎಂದು ಮತ್ತೊಬ್ಬರು ಹೇಳುತ್ತಾರೆ. ಹೇಳಿದ ಮಾತ್ರಕ್ಕೆ ಅದು ಆಗಿಬಿಡುವುದಿಲ್ಲ. 20 ಮುಖದ ದಾಳವನ್ನು ಉರುಳಿಸಬೇಕು. ಬಿದ್ದ ಅಂಕಕ್ಕೆ ಆ ಪಾತ್ರದ ಕೌಶಲ್ಯಕ್ಕೆಂದು ಗೊತ್ತುಮಾಡಿದ ಅಂಕ ಕೂಡಬೇಕು. ಮೊತ್ತವು ನಿಗದಿಯಾದ ಮಿತಿಯನ್ನು ಮುಟ್ಟಿದರೆ ಆತ ಬೆಕ್ಕಿನಂತೆ ಒಳಸೇರುತ್ತಾನೆ, ಮುಟ್ಟದಿದ್ದರೆ ಹೊಸಲನ್ನು ಎಡವಿ ಇಡೀ ಕೋಟೆಯನ್ನೇ ಎಬ್ಬಿಸುತ್ತಾನೆ. ಮುಂದಿನ ಕಥೆ ಅಲ್ಲಿಂದ ಬೆಳೆಯುತ್ತದೆ.

ಶ್ರೋತೃಗಳಲ್ಲಿ ಕಿರಿಯರಾದವರಿಗೆ ಇದು ಪರಿಚಿತ ಸಂಗತಿ. ಇಂಗ್ಲಿಷಿನಲ್ಲಿ ಇದನ್ನು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆಟವೆಂದು ನಾವು ಹೇಳಿಕೊಳ್ಳಬಹುದು. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ಇಂಥ ಆಟಗಳನ್ನು ಧ್ವನಿಮುದ್ರಿಸಿ ಪಾಡ್‌ಕಾಸ್ಟ್ ರೂಪದಲ್ಲಿ ಲೋಕಕ್ಕೆ ಕೇಳಿಸುವ ಪದ್ಧತಿ ಬೆಳೆದುಬಂದಿದೆ. ತಾವು ತಾವೇ ಆಡಿ ತಾವು ತಾವೇ ಕೇಳುತ್ತಿದ್ದ ಒಂದು ಕಥೆಯನ್ನು ಹೊರಗಿನವರಿಗೂ ಕೇಳಿಸಬೇಕೆಂದು ಒಂದು ಗುಂಪು ಹೊರಟಾಗ ಆ ಆಟಕ್ಕೆ ಏನಾಗುತ್ತದೆ ಎಂಬುದು ಇಂದಿನ ನನ್ನ ವಿಷಯ.

ಆಟದ ಹುಟ್ಟನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಸೈನಿಕರ ಪುಟ್ಟ ಬೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಹಳೆಯ ಯುದ್ಧಗಳನ್ನು ಮತ್ತೆ ಹೂಡುವ ಒಂದು ಹವ್ಯಾಸ ಅಮೆರಿಕದಲ್ಲಿತ್ತು. ಆ ಹವ್ಯಾಸದವರಾದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಹೊರತಂದರು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರು. ಒಂದು ಪೆಟ್ಟಿಗೆಯೊಳಗೆ ಮೂರು ಕಿರುಪುಸ್ತಕಗಳು. ಮೊದಲ ಮುದ್ರಣ 1000 ಪ್ರತಿ. ಇಡೀ ಸೇನೆಯನ್ನು ನಡೆಸುವುದನ್ನು ಬಿಟ್ಟು ಒಬ್ಬನೇ ಒಬ್ಬ ವ್ಯಕ್ತಿಯಾಗಿ ಆಡುವುದು ಇವರು ತಂದ ಹೊಸತನ. ಸೇನೆಗೆ ಸೋಲು ಗೆಲುವುಗಳಷ್ಟೇ ಇರುತ್ತವೆ. ವ್ಯಕ್ತಿಗಾದರೋ ಹೆಸರು, ಭಯ, ಸಾಲ, ಮೋಹ ಎಲ್ಲವೂ ಇರುತ್ತವೆ. ಕಥೆ ಒಳಗೆ ಬಂದದ್ದು ಆ ಬಾಗಿಲಿನಿಂದ. 1980ರ ದಶಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಆರಾಧನೆಗೆ ಎಳೆಯುತ್ತದೆಂದು ಅಲ್ಲಿನ ಕೆಲವರು ದೊಡ್ಡ ಗದ್ದಲವೆಬ್ಬಿಸಿದರು. ನಮ್ಮಲ್ಲಿ ಕಾದಂಬರಿ ಓದುವ ಹೆಣ್ಣುಮಕ್ಕಳ ಬಗ್ಗೆ ಒಂದು ಕಾಲಕ್ಕೆ ಆಡುತ್ತಿದ್ದ ಮಾತುಗಳನ್ನು ನೆನೆದರೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ.

ಇಂಥ ಆಟವನ್ನು ಆಡದವರಿಗೂ ಮುಟ್ಟಿಸಬಹುದೆಂದು ಕಂಡುಕೊಂಡವರಲ್ಲಿ ಜಪಾನೀಯರು ಮುಂಚಿನವರು; ಅವರು ಹಿಡಿದದ್ದು ಮುದ್ರಣದ ದಾರಿ. ‘ಕಾಂಪ್ಟಿಕ್’ ಎಂಬ ಮಾಸಪತ್ರಿಕೆ 1986ರಿಂದ ಒಂದು ಗುಂಪಿನ ಆಟವನ್ನು, ಮೇಜಿನ ಸುತ್ತ ಆಡಿದ ಮಾತುಕತೆಯ ರೂಪದಲ್ಲೇ, ಧಾರಾವಾಹಿಯಾಗಿ ಅಚ್ಚುಹಾಕಿತು. ಆ ಆಟವನ್ನು ನಡೆಸಿದ ರ್ಯೋ ಮಿಝುನೊ ಅದೇ ಕಥೆಯನ್ನು 1988ರಲ್ಲಿ ಕಾದಂಬರಿಯಾಗಿ ಬರೆದರು. ‘ರೆಕಾರ್ಡ್ ಆಫ್ ಲೊಡೋಸ್ ವಾರ್’ ಎಂಬ ಹೆಸರಿನಲ್ಲಿ ಅದು 1990ರಲ್ಲಿ ಚಲಿಸುವ ಚಿತ್ರವೂ ಆಯಿತು. ಮಾತು ಲಿಪಿಯಾಗಿ, ಲಿಪಿ ಕಾದಂಬರಿಯಾಗಿ ಬೆಳೆದ ಈ ಉದಾಹರಣೆ ಸಾಹಿತ್ಯಾಸಕ್ತರು ಗಮನಿಸತಕ್ಕದ್ದು. ಆದರೆ ಅಚ್ಚಾದ ಮಾತಿನಲ್ಲಿ ಒಂದು ವಸ್ತು ಉಳಿಯುವುದಿಲ್ಲ. ಅದರ ವಿಚಾರವನ್ನು ಮುಂದೆ ಹೇಳುತ್ತೇನೆ.

ಪಾಡ್‌ಕಾಸ್ಟ್ ಎಂಬ ಪದ ಹುಟ್ಟಿದ್ದು 2004ರಲ್ಲಿ. 2008ರಲ್ಲಿ ಆಟದ ಒಡೆತನವುಳ್ಳ ಕಂಪನಿಯೇ ತನ್ನ ಹೊಸ ಆವೃತ್ತಿಯ ಪ್ರಚಾರಕ್ಕೆಂದು ಕೆಲವು ವ್ಯಂಗ್ಯಚಿತ್ರಕಾರರನ್ನು ಕೂಡಿಸಿ ಆಡಿಸಿ, ಆ ಆಟವನ್ನು ಧ್ವನಿಮುದ್ರಿಸಿ ಕೇಳಿಸಿತು. ನನಗೆ ಹೆಚ್ಚು ಅರ್ಥವತ್ತಾಗಿ ಕಾಣುವುದು 2014ರ ಆಗಸ್ಟಿನಲ್ಲಿ ಆರಂಭವಾದ ‘ದಿ ಅಡ್ವೆಂಚರ್ ಜೋನ್’. ಪಶ್ಚಿಮ ವರ್ಜೀನಿಯಾದ ಹಂಟಿಂಗ್‌ಟನ್ ಊರಿನ ಮೆಕೆಲ್‌ರಾಯ್ ಮನೆತನದ ಮೂವರು ಸೋದರರು, ಜಸ್ಟಿನ್, ಟ್ರಾವಿಸ್ ಮತ್ತು ಗ್ರಿಫಿನ್, ಮೊದಲೇ ಒಂದು ಹಾಸ್ಯದ ಪಾಡ್‌ಕಾಸ್ಟ್ ನಡೆಸುತ್ತಿದ್ದರು. ಹಿರಿಯನಿಗೆ ಮಗು ಹುಟ್ಟಿ ಬಿಡುವು ಬೇಕಾದಾಗ ಆ ವಾರದ ಜಾಗ ತುಂಬಲೆಂದು ಮುಂಚಿತವಾಗಿ ಒಂದು ಆಟವನ್ನು ಆಡಿ ಇಟ್ಟುಕೊಂಡರು. ತಂದೆ ಕ್ಲಿಂಟ್ ಅವರನ್ನೂ ಜತೆಗೆ ಕೂಡಿಸಿಕೊಂಡರು. ಈ ಕ್ಲಿಂಟ್ ದಶಕಗಳ ಕಾಲ ರೇಡಿಯೋ ನಿರೂಪಕರಾಗಿ ದುಡಿದವರು. ಆಟಕ್ಕೆ ಮಾತ್ರ ತೀರ ಹೊಸಬರು. ಒಂದು ವಾರದ ಬದಲಿ ವ್ಯವಸ್ಥೆಯಾಗಿ ಮೊದಲಾದದ್ದು ಮೂರು ವರ್ಷ ನಡೆಯಿತು. 69 ಕಂತುಗಳ ಒಂದು ಮಹಾಕಥೆಯಾಗಿ 2017ರ ಆಗಸ್ಟಿನಲ್ಲಿ ಮುಗಿಯಿತು. 2018ರಲ್ಲಿ ಅದರ ಮೊದಲ ಭಾಗ ಚಿತ್ರಕಾದಂಬರಿಯಾಗಿ ಬಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮಾರಾಟಪಟ್ಟಿಯಲ್ಲಿ ತನ್ನ ವರ್ಗದ ಮೊದಲ ಸ್ಥಾನಕ್ಕೇರಿತು.

ಅದರ ಮೊದಲ ಕಂತುಗಳನ್ನು ಕೇಳಿದರೆ ಇಷ್ಟೆಲ್ಲ ಆದೀತೆಂದು ಯಾರೂ ಹೇಳಲಾರರು. ಆಟದ ಅಂಗಡಿಯಲ್ಲಿ ಆರಂಭಿಗರಿಗೆಂದು ಮಾರುವ ಸಿದ್ಧ ಕಥೆ. ನಿಯಮ ತಿಳಿಯದ ಆಟಗಾರರು. ನಡುನಡುವೆ ಪುಸ್ತಕ ತಿರುವುವ ಗೊಂದಲ. ಮೂವರು ಸೋದರರ ದನಿಯೋ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದೆ, ಯಾರು ಯಾರೆಂದು ತಿಳಿಯಲು ನನಗಂತೂ ನಾಲ್ಕು ಕಂತು ಬೇಕಾಯಿತು. ಹೀಗಿದ್ದರೂ ಕೇಳಿಸಿಕೊಂಡು ಹೋಗುತ್ತದೆ. ಕಾರಣವಿಷ್ಟೆ: ಆ ನಾಲ್ವರು ನಮ್ಮೊಡನೆ ಮಾತನಾಡುತ್ತಿಲ್ಲ, ತಮ್ಮ ತಮ್ಮಲ್ಲಿ ಮಾತನಾಡುತ್ತಿದ್ದಾರೆ. ತಂದೆಯ ಹಳೆಯ ಹಾಸ್ಯಕ್ಕೆ ಮಗ ನಿಟ್ಟುಸಿರಿಡುವುದು, ಕಿರಿಯ ಮಗ ಕಥೆಯ ಒಡೆಯನಾಗಿ ಕುಳಿತು ಅಣ್ಣಂದಿರನ್ನು ಆಳುವುದು, ಇವು ಬರೆದು ಕೊಟ್ಟು ಆಡಿಸುವಂಥವಲ್ಲ.

ಈಗ, ಒಂದು ಗುಂಪು ಇಂಥ ಕೆಲಸವನ್ನು ಆರಂಭಿಸಬೇಕೆಂದುಕೊಂಡಿದೆ ಎನ್ನೋಣ. ಅವರ ಮೊದಲ ಮಾತು ಸಾಮಾನ್ಯವಾಗಿ ಯಂತ್ರಗಳದ್ದು: ಯಾವ ಮೈಕು, ಎಷ್ಟು ಬೆಲೆ. ಅದರಲ್ಲಿ ಮುಖ್ಯವಾದದ್ದು ಒಂದೇ. ಆಟಗಾರರಿಗೆ ಒಬ್ಬೊಬ್ಬರಿಗೆ ಒಂದೊಂದು ಮೈಕು ಇರಬೇಕು, ಒಂದೊಂದು ದನಿಯೂ ಬೇರೆ ಬೇರೆಯಾಗಿ ಮುದ್ರಿತವಾಗಬೇಕು. ಮೇಜಿನ ನಡುವೆ ಒಂದೇ ಮೈಕನ್ನಿಟ್ಟರೆ ಕೇಳಿಬರುವುದು ಸಂತೆ. ದಾಳ ಮರದ ಮೇಜಿನ ಮೇಲೆ ಬಿದ್ದರೆ ಮುದ್ರಣದಲ್ಲಿ ಅದು ಕಲ್ಲು ಸಿಡಿದಂತೆ ಕೇಳುತ್ತದೆ. ಬಟ್ಟೆ ಹಾಸಿದ ತಟ್ಟೆಯಲ್ಲಿ ಉರುಳಿಸಬೇಕು. ಫ್ಯಾನನ್ನು ನಿಲ್ಲಿಸಬೇಕು. ಕುರುಕಲು ತಿಂಡಿಯ ಪೊಟ್ಟಣವನ್ನು ಆಟಕ್ಕೆ ಮೊದಲೇ ತೀರಿಸಿಬಿಡುವುದು ಕ್ಷೇಮ.

ಭಾಷೆಯ ತೊಡಕು ಯಂತ್ರದ ತೊಡಕಿಗಿಂತ ದೊಡ್ಡದು. ಮೇಜಿನ ಬಳಿ ಇರುವವರಿಗೆ ನಕ್ಷೆ ಕಾಣುತ್ತದೆ. ಆದ್ದರಿಂದ ಅವರು “ನಾನು ಇಲ್ಲಿಂದ ಅಲ್ಲಿಗೆ ಹೋಗುತ್ತೇನೆ, ಇವನನ್ನು ಹೊಡೆಯುತ್ತೇನೆ” ಎನ್ನುತ್ತಾರೆ. ಕೇಳುವವನಿಗೆ ‘ಇಲ್ಲಿ’ ಎಂಬುದೂ ಇಲ್ಲ, ‘ಅಲ್ಲಿ’ ಎಂಬುದೂ ಇಲ್ಲ. ರೇಡಿಯೋದಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆ ಕೇಳಿ ಬೆಳೆದ ನಮ್ಮ ತಲೆಮಾರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಪ್ರತಿಯೊಬ್ಬ ಆಟಗಾರನಿಗೂ ಎರಡು ಹೆಸರುಗಳಿರುವುದು ಇನ್ನೊಂದು ತೊಡಕು, ಸ್ವಂತದ್ದೊಂದು, ಪಾತ್ರದ್ದೊಂದು. ಮೊದಲ ಕಂತಿನಲ್ಲಿ ಎರಡನ್ನೂ ಸಾವಧಾನವಾಗಿ ಪರಿಚಯಿಸದಿದ್ದರೆ ಶ್ರೋತೃ ಬಾಗಿಲಲ್ಲೇ ಹಿಂತಿರುಗುತ್ತಾನೆ. ನಿಯಮಗಳನ್ನು ಮಾತ್ರ ಮೊದಲೇ ಪಾಠದಂತೆ ಒಪ್ಪಿಸುವ ಅಗತ್ಯವಿಲ್ಲ. ಅಧ್ಯಾಪಕನಾಗಿದ್ದವನ ಅನುಭವದಿಂದಲೇ ಈ ಮಾತು ಹೇಳುತ್ತಿದ್ದೇನೆ. ವ್ಯಾಕರಣ ಕಲಿತು ಯಾರೂ ಕಥೆ ಕೇಳುವುದಿಲ್ಲ.

ಇದಕ್ಕೂ ಹಿಂದೆ ಆಗಬೇಕಾದ ಮಾತೊಂದಿದೆ. ಸ್ನೇಹಿತರ ಕೂಟದಲ್ಲಿ ಸಲುಗೆಯ ಮಾತು ಬರುತ್ತದೆ, ಮನೆಯ ವಿಷಯ ಬರುತ್ತದೆ, ಇಲ್ಲದವರ ವಿಷಯವೂ ಬರುತ್ತದೆ. ಪಾತ್ರದ ಮುಸುಕಿನಲ್ಲಿ ಮನುಷ್ಯ ತನ್ನ ಸ್ವಂತ ದುಃಖವನ್ನೇ ಆಡಿಬಿಡುವುದುಂಟು. ಇವುಗಳಲ್ಲಿ ಯಾವುದು ಹೊರಗೆ ಹೋಗಬೇಕು, ಯಾವುದು ಹೋಗಬಾರದು? ಈ ಆಟಗಾರರಲ್ಲಿ ಒಂದು ಒಳ್ಳೆಯ ವಾಡಿಕೆಯಿದೆ. ಆಟದ ಮೊದಲನೆಯ ದಿನಕ್ಕಿಂತ ಮುಂಚೆ ಎಲ್ಲರೂ ಸೇರಿ, ಕಥೆಯಲ್ಲಿ ಏನು ಬರಬಹುದು, ಯಾವುದು ಯಾರಿಗೆ ಸಹಿಸಲಾಗದು ಎಂದು ಮಾತಾಡಿಕೊಳ್ಳುತ್ತಾರೆ. ಅದಕ್ಕೆ ‘ಸೆಷನ್ ಝೀರೋ’ ಎಂದು ಹೆಸರು. ಮುದ್ರಣ ಮಾಡುವ ಗುಂಪು ಆ ದಿನವೇ ಇನ್ನೊಂದು ಒಪ್ಪಂದವನ್ನೂ ಮಾಡಿಕೊಳ್ಳಬೇಕು: “ಇದನ್ನು ತೆಗೆದುಬಿಡಿ” ಎಂದು ಯಾರು ಹೇಳಿದರೂ, ಕಾರಣ ಕೇಳದೆ, ತೆಗೆಯತಕ್ಕದ್ದು. ಅದರಿಂದ ಎಷ್ಟು ಒಳ್ಳೆಯ ಹಾಸ್ಯ ನಷ್ಟವಾದರೂ ಚಿಂತೆಯಿಲ್ಲ. ಕಂತು ಮುಂದಿನ ವಾರವೂ ಬರುತ್ತದೆ. ಮುರಿದ ಸ್ನೇಹ ಹಾಗೆ ಬರುವುದಿಲ್ಲ.

ಮುದ್ರಣವಾದ ಮೇಲೆ ಸಂಕಲನ. ಒಂದು ಸಂಜೆಯ ಆಟ ಮೂರು ನಾಲ್ಕು ಗಂಟೆ ನಡೆಯುತ್ತದೆ. ಅಷ್ಟನ್ನೂ ಕೇಳುವ ವ್ಯವಧಾನ ಎಲ್ಲರಿಗಿಲ್ಲ. ಆದ್ದರಿಂದ ಕತ್ತರಿಸಬೇಕು. ಕೆಮ್ಮು, ಪುಸ್ತಕ ಹುಡುಕುವ ಕಾಲ, ಒಬ್ಬರ ಮೇಲೊಬ್ಬರು ಬಿದ್ದು ಆಡಿದ ಮಾತು, ಇವೆಲ್ಲ ಹೋಗಲಿ. ಆದರೆ ಕತ್ತರಿ ಹಿಡಿದವನ ಕಣ್ಣಿಗೆ ವ್ಯರ್ಥವಾಗಿ ಕಂಡು, ಅವನ ಕೈ ತಾನಾಗಿಯೇ ಹೋಗುವ ಒಂದು ಸ್ಥಳವಿದೆ. ಅದೇ ದಾಳ ಉರುಳಿದ ಮೇಲಿನ ಮೌನ.

ರೇಡಿಯೋದವರಿಗೆ ಮೌನವೆಂದರೆ ಭಯ. ಎರಡು ಕ್ಷಣ ದನಿಯಿಲ್ಲದಿದ್ದರೆ ಕೇಂದ್ರವೇ ನಿಂತುಹೋಯಿತೆಂದು ಕೇಳುಗ ಭಾವಿಸುತ್ತಾನೆಂದು ಅವರ ಅಂಜಿಕೆ. ಆದರೆ ಈ ಮೌನ ಬೇರೆಯ ಜಾತಿಯದು. ದಾಳ ಕೈಬಿಟ್ಟಿದೆ, ಇನ್ನೂ ನಿಂತಿಲ್ಲ. ಅಥವಾ ನಿಂತಿದೆ, ಅಂಕವನ್ನು ಓದಿದವನ ಬಾಯಿಂದ ಮಾತು ಹೊರಟಿಲ್ಲ. ಆ ಒಂದು ಗಳಿಗೆಯಲ್ಲಿ ಮುಂದೇನೆಂಬುದು ಮೇಜಿನ ಸುತ್ತ ಇರುವ ಯಾರಿಗೂ ಗೊತ್ತಿಲ್ಲ. ಕಥೆಯ ಒಡೆಯನಿಗೂ ಗೊತ್ತಿಲ್ಲ. ನಾಟಕಕಾರನಿಗೆ ತನ್ನ ನಾಯಕನ ಗತಿ ಗೊತ್ತು, ನಟನಿಗೆ ಗೊತ್ತು, ಎರಡನೆಯ ಸಲ ನೋಡಲು ಬಂದ ಪ್ರೇಕ್ಷಕನಿಗೂ ಗೊತ್ತು. ಇಲ್ಲಿ ಕರ್ತೃ, ಪಾತ್ರ, ಶ್ರೋತೃ ಮೂವರೂ ಒಂದೇ ಅಜ್ಞಾನದಲ್ಲಿ ಉಸಿರು ಹಿಡಿದು ನಿಂತಿರುತ್ತಾರೆ. ಅಚ್ಚಾದ ಪುಟದಲ್ಲಿ ಉಳಿಯದ ವಸ್ತು ಇದೇ. ಪುಟದ ಮೇಲೆ ಅಂಕವನ್ನು ಕಾಣಿಸಬಹುದು. ಅಂಕ ತಿಳಿಯುವ ಮುಂಚಿನ ಉಸಿರನ್ನು ಕಾಣಿಸಲಾಗದು.

ನಮ್ಮ ಕರಾವಳಿಯ ತಾಳಮದ್ದಲೆಯನ್ನು ಇಲ್ಲಿ ನೆನೆಯದಿರಲಾರೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕುಳಿತಲ್ಲೇ ಕರ್ಣನೋ ಕೃಷ್ಣನೋ ಆಗಿ, ಭಾಗವತರ ಪದ್ಯದ ಎಳೆ ಹಿಡಿದು, ಬರೆದಿಟ್ಟುಕೊಳ್ಳದ ಮಾತನ್ನು ಆಡುತ್ತಾ ಹೋಗುತ್ತಾರೆ. ಮಂಗಳೂರು ಆಕಾಶವಾಣಿ ಇಂಥ ಕೂಟಗಳನ್ನು ಪ್ರಸಾರ ಮಾಡಿರುವುದು ಶ್ರೋತೃಗಳಿಗೆ ತಿಳಿದದ್ದೇ. ಕುಳಿತು, ಪಾತ್ರವಾಗಿ, ಆಶುವಾಗಿ ಆಡಿದ ಮಾತು ಕಿವಿಯೊಂದರಿಂದಲೇ ರುಚಿಸುತ್ತದೆ ಎಂಬುದಕ್ಕೆ ಅಮೆರಿಕದ ಸಾಕ್ಷ್ಯ ನಮಗೆ ಬೇಕಾಗಿರಲಿಲ್ಲ. ಎರಡೂ ಒಂದೇ ಎಂದು ಹೇಳುವುದು ಮಾತ್ರ ತಪ್ಪಾಗುತ್ತದೆ. ಕರ್ಣ ಎಷ್ಟೇ ಚೆನ್ನಾಗಿ ವಾದಿಸಲಿ, ಅವನ ರಥದ ಚಕ್ರ ನೆಲದಲ್ಲಿ ಹೂಳಲೇಬೇಕು. ಪ್ರಸಂಗ ಅದನ್ನು ಮೊದಲೇ ಗೊತ್ತುಮಾಡಿದೆ. ಗೊತ್ತಿರುವ ಕೊನೆಗೆ ಗೊತ್ತಿಲ್ಲದ ದಾರಿಯಲ್ಲಿ ಹೋಗುವ ಸೊಗಸು ತಾಳಮದ್ದಲೆಯದು. ದಾಳದ ಆಟದಲ್ಲಿ ಕೊನೆಯೂ ಗೊತ್ತಿಲ್ಲ.

ಹೀಗಿರುವುದರಿಂದಲೇ ನಂಬಿಕೆಯ ಪ್ರಶ್ನೆ ಏಳುತ್ತದೆ. ಶ್ರೋತೃವಿಗೆ ದಾಳ ಕಾಣುವುದಿಲ್ಲ. ಹದಿನೇಳು ಬಿತ್ತೆಂದು ಅವರು ಹೇಳಿದರೆ ಹದಿನೇಳು ಬಿತ್ತು. ಕಾಣದ ದಾಳವನ್ನು ನಂಬುವುದೆಂದರೆ ಏನೆಂಬುದು ಶಕುನಿಯ ಕಥೆ ಕೇಳಿದ ನಾಡಿಗೆ ಗೊತ್ತಿಲ್ಲದ್ದಲ್ಲ. ಮನೆಯೊಳಗಿನ ಆಟದಲ್ಲಿ ಕಥೆ ನಡೆಸುವವರು ಒಂದು ಮರೆಯ ಹಿಂದೆ ತಮ್ಮ ದಾಳವನ್ನು ಉರುಳಿಸುವುದು ಹಳೆಯ ಪದ್ಧತಿ. ಗೆಳೆಯನ ಪಾತ್ರ ಸಾಯುವಂತಿದ್ದರೆ ಅಂಕವನ್ನು ಅತ್ತಿತ್ತ ಮಾಡಿ ಉಳಿಸಿಕೊಳ್ಳುವುದೂ ಉಂಟು. ಅದನ್ನು ನಾನು ದೊಡ್ಡ ಅಪರಾಧವೆನ್ನಲಾರೆ, ಅದು ಅವರವರ ಸ್ನೇಹದ ವಿಷಯ. ಆದರೆ ಸಾವಿರ ಜನ ಕೇಳತೊಡಗಿದ ಮೇಲೆ ಆಸೆ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಕಥೆ ಚೆನ್ನಾಗಿ ಬರಲಿ, ನಾಯಕ ತಕ್ಕ ಸಮಯಕ್ಕೆ ಗೆಲ್ಲಲಿ, ಸಾಯುವುದಿದ್ದರೆ ತಕ್ಕ ಗಾಂಭೀರ್ಯದಿಂದ ಸಾಯಲಿ ಎಂಬ ಆಸೆ. ಇದಕ್ಕೆ ಮಣಿದ ದಿನ ಆ ಗುಂಪು ಆಟವಾಡುವುದನ್ನು ಬಿಟ್ಟು ರೇಡಿಯೋ ನಾಟಕ ಆಡತೊಡಗಿತೆಂದು ತಿಳಿಯಬೇಕು. ಅದೂ ಯಾರೂ ಕೂತು ಬರೆಯದಿರುವ ನಾಟಕ. ರೇಡಿಯೋ ನಾಟಕವೇ ಬೇಕಾದರೆ ಅದನ್ನು ಬಲ್ಲವರು ಬರೆದದ್ದು ಬೇಕಾದಷ್ಟಿದೆ.

ದಾಳಕ್ಕೆ ಮಣಿದ ಗುಂಪಿನ ಉದಾಹರಣೆಯನ್ನು ಹೇಳುತ್ತೇನೆ. ‘ಕ್ರಿಟಿಕಲ್ ರೋಲ್’ ಎಂಬುದು ಲಾಸ್ ಏಂಜಲೀಸ್‌ನ ಕೆಲವು ಕಂಠದಾನ ಕಲಾವಿದರ ಗುಂಪು; ಆಗ ಆಟ ನಡೆಸುತ್ತಿದ್ದವರು ಮ್ಯಾಥ್ಯೂ ಮರ್ಸರ್. ಗೆಳೆಯನೊಬ್ಬನ ಹುಟ್ಟುಹಬ್ಬಕ್ಕೆಂದು 2012ರಲ್ಲಿ ಆಡತೊಡಗಿದವರು ಮನೆಯೊಳಗೇ ಆಡುತ್ತಿದ್ದು, 2015ರ ಮಾರ್ಚಿನಲ್ಲಿ ಅದನ್ನು ಅಂತರ್ಜಾಲದಲ್ಲಿ ಪ್ರಸಾರ ಮಾಡತೊಡಗಿದರು. ಕಥೆಯ ನಡುವಿನಿಂದಲೇ ಪ್ರಸಾರ ಮೊದಲಾಯಿತು. ಮುಂದೆ ಅದು ಪಾಡ್‌ಕಾಸ್ಟ್ ಆಗಿಯೂ ಬಂತು. 2018ರಲ್ಲಿ ಆಟಗಾರರಾಗಿದ್ದ ದಂಪತಿಗಳಿಗೆ ಮಗುವಾಯಿತು, ಇನ್ನೊಬ್ಬ ನಟಿ ಕೆಲಸದ ಮೇಲೆ ದೂರದ ನ್ಯೂಯಾರ್ಕ್‌ನಲ್ಲಿದ್ದರು. ಆ ಮೂರು ಪಾತ್ರಗಳನ್ನು ದುಷ್ಟರು ಅಪಹರಿಸಿದರೆಂದು ಕಥೆಯಲ್ಲೇ ಹೊಂದಿಸಿದರು. ಉಳಿದವರು ಬಿಡಿಸಲು ಹೊರಟರು. ಅವರಲ್ಲಿ ಟ್ಯಾಲೀಸನ್ ಜ್ಯಾಫಿ ಎಂಬ ನಟರು ವಹಿಸಿದ್ದ ಮಾಲಿಮಾಕ್ ಎಂಬ ಪಾತ್ರ, ಸರ್ಕಸ್ಸಿನಿಂದ ಬಂದ ಬಣ್ಣದ ಅಂಗಿಯ ಮಾತುಗಾರ, ಶ್ರೋತೃಗಳಿಗೆ ಬಹು ಪ್ರಿಯನಾದವನು. ತನ್ನ ಶಕ್ತಿಯನ್ನು ಪ್ರಯೋಗಿಸಬೇಕಾದರೆ ತನ್ನದೇ ರಕ್ತವನ್ನು ತೆರಬೇಕೆಂಬುದು ಆ ಪಾತ್ರದ ನಿಯಮ. ಜುಲೈ ತಿಂಗಳ ಒಂದು ಕಂತಿನಲ್ಲಿ, ಕಾಳಗದ ನಡುವೆ, ಅವನು ತೆತ್ತ ರಕ್ತವೇ ಅವನನ್ನು ನೆಲಕ್ಕೆ ಉರುಳಿಸಿತು. ಉರುಳಿದವನನ್ನು ಶತ್ರು ಕೊಂದ. ಅದು 26ನೆಯ ಕಂತು, ಕಥೆ ಇನ್ನೂ ಹರೆಯದಲ್ಲಿತ್ತು. ಯಾವ ಬರಹಗಾರನೂ ಅಲ್ಲಿ ಆ ಸಾವನ್ನು ಇಡುತ್ತಿರಲಿಲ್ಲ. ಪಾತ್ರ ಅರಳುವ ಹೊತ್ತು, ಪ್ರೀತಿಸಿದ ಗೆಳತಿ ಸೆರೆಯಲ್ಲಿ, ಬಿಡಿಸಬೇಕಾದ ಕೆಲಸ ಅರ್ಧದಲ್ಲಿ. ಆದರೂ ಮರ್ಸರ್ ಅದನ್ನು ತಿದ್ದಲಿಲ್ಲ. ಕೇಳುಗರು ನಿಜವಾದ ಬಂಧುವನ್ನು ಕಳೆದುಕೊಂಡವರಂತೆ ಶೋಕಿಸಿದರು, ಕೆಲವರು ಸಿಟ್ಟಾದರು. ಎರಡು ಕಂತುಗಳ ನಂತರ ಅದೇ ನಟ ಬೇರೊಂದು ಪಾತ್ರವಾಗಿ ಮೇಜಿಗೆ ಬಂದರು.

ಮರುವರ್ಷ, ಅಂದರೆ 2019ರಲ್ಲಿ, ಈ ಗುಂಪು ತನ್ನ ಮೊದಲ ಕಥೆಯನ್ನು ಚಿತ್ರವಾಗಿ ಮಾಡಲು ಅಭಿಮಾನಿಗಳಲ್ಲಿ 7,50,000 ಡಾಲರ್ ಕೇಳಿತು. ಬಂದದ್ದು 1 ಕೋಟಿ 13 ಲಕ್ಷ ಡಾಲರಿಗೂ ಮಿಕ್ಕು. ತಮ್ಮ ಪ್ರೀತಿಯ ಪಾತ್ರ ಯಾವ ಗಳಿಗೆಯಲ್ಲಾದರೂ ಇಲ್ಲವಾಗಬಹುದೆಂದು ಬಲ್ಲ ಕೇಳುಗರು ಕೊಟ್ಟ ಹಣ ಅದು.

ಇಂಥ ಯಶಸ್ಸಿನ ನೆರಳು ಸಣ್ಣ ಗುಂಪುಗಳ ಮೇಲೂ ಬೀಳುತ್ತದೆ. ಹೊಸದಾಗಿ ಆಟಕ್ಕೆ ಬಂದವರು ತಮ್ಮ ಗೆಳೆಯನಿಂದಲೂ ಮರ್ಸರ್ ಅವರಂತೆಯೇ ಹತ್ತು ದನಿಗಳನ್ನು ನಿರೀಕ್ಷಿಸುತ್ತಾರೆ. ಇದಕ್ಕೆ ಅಲ್ಲಿನ ಆಟಗಾರರು ಅವರ ಹೆಸರಿನದೇ ಒಂದು ‘ಪರಿಣಾಮ’ವೆಂದು ನಾಮಕರಣ ಮಾಡಿಬಿಟ್ಟಿದ್ದಾರೆ. ಪಾಪ, ದಿನವೆಲ್ಲ ಕಚೇರಿಯಲ್ಲಿ ದುಡಿದು ಸಂಜೆ ಕಥೆ ನಡೆಸುವವನು ಕಂಠದಾನ ಕಲಾವಿದನಾಗುವುದು ಹೇಗೆ? ಕ್ಲಿಂಟ್ ಮೆಕೆಲ್‌ರಾಯ್ ತಮ್ಮ ರೇಡಿಯೋ ದನಿಯಿಂದ ಕೇಳುಗರನ್ನು ಗೆಲ್ಲಲಿಲ್ಲ ಎಂಬುದನ್ನು ಗಮನಿಸಬೇಕು. ನಿಯಮ ಮರೆತು, ಮಂತ್ರ ತಪ್ಪಿಸಿ, ಮಕ್ಕಳಿಂದ ಬೈಸಿಕೊಂಡು, ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಆ ಮುದಿ ಪೂಜಾರಿಯ ಪಾತ್ರದೊಳಗಿನಿಂದ ಎದೆಯ ಮಾತಾಡಿ ಗೆದ್ದರು.

ಹಕ್ಕುಸ್ವಾಮ್ಯದ ಮಾತೊಂದನ್ನು ಹೇಳದೆ ಮುಗಿಸುವಂತಿಲ್ಲ. ಅಂಗಡಿಯಿಂದ ತಂದ ಸಿದ್ಧ ಕಥೆಯನ್ನು ಮನೆಯಲ್ಲಿ ಆಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಲೋಕಕ್ಕೆ ಕೇಳಿಸಿ ಅದರಿಂದ ಪುಸ್ತಕ ಮಾಡಹೊರಟರೆ ಒಡೆಯರು ಎದ್ದು ಕೂರುತ್ತಾರೆ. ಮೆಕೆಲ್‌ರಾಯ್ ಮನೆಯವರು ತಮ್ಮ ಚಿತ್ರಕಾದಂಬರಿಯಲ್ಲಿ ಸಿದ್ಧ ಕಥೆಯಿಂದ ಬಂದ ಹೆಸರುಗಳನ್ನು ಬದಲಿಸಬೇಕಾಯಿತು. 2023ರ ಜನವರಿಯಲ್ಲಿ ಪರವಾನಗಿಯ ವಿಷಯದಲ್ಲಿ ಆಟಗಾರರಿಗೂ ಕಂಪನಿಗೂ ದೊಡ್ಡ ಜಟಾಪಟಿಯೇ ನಡೆದು, ಕಡೆಗೆ ಕಂಪನಿಯು ಆಟದ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತವಾಗಿ ಬಿಟ್ಟುಕೊಟ್ಟಿತು. ಮೂಲವನ್ನು ಹೆಸರಿಸಿದರೆ ಸಾಕು, ಆ ನಿಯಮಗಳನ್ನು ಯಾರಾದರೂ ಬಳಸಬಹುದು. ಕಥೆಯನ್ನು ಮಾತ್ರ ತಾವೇ ಕಟ್ಟಿಕೊಳ್ಳುವುದು ಮೇಲು. ಗ್ರಿಫಿನ್ ಸಿದ್ಧ ಕಥೆಯನ್ನು ಬಿಟ್ಟು ಸ್ವಂತ ಕಥೆಗೆ ಕೈಹಾಕಿದ ಮೇಲೆಯೇ ಆ ಪಾಡ್‌ಕಾಸ್ಟಿಗೆ ಕಳೆ ಬಂದದ್ದು.

ಇಂಥ ಪಾಡ್‌ಕಾಸ್ಟ್‌ಗಳಲ್ಲಿ ಬಹುಪಾಲಿನವನ್ನು ಕೇಳುವವರು ಬಹಳ ಕಡಮೆ. ಎಷ್ಟೋ ಗುಂಪುಗಳು ಹತ್ತಿಪ್ಪತ್ತು ಕಂತುಗಳಾದ ಮೇಲೆ ಮುದ್ರಣವನ್ನು ನಿಲ್ಲಿಸುತ್ತವೆ. ಸಂಕಲನ ಮಾಡುವವನಿಗೆ ಮದುವೆಯಾಗುತ್ತದೆ, ಇಲ್ಲವೆ ಬೇರೆ ಊರಿಗೆ ವರ್ಗವಾಗುತ್ತದೆ. ಮೈಕುಗಳು ಪೆಟ್ಟಿಗೆಗೆ ಹೋಗುತ್ತವೆ. ಬಟ್ಟೆ ಹಾಸಿದ ತಟ್ಟೆಯೂ ಅದರೊಡನೆ ಹೋಗಿ, ದಾಳ ಮತ್ತೆ ಬರಿಯ ಮರದ ಮೇಲೆ ಸದ್ದು ಮಾಡುತ್ತಾ ಉರುಳುತ್ತದೆ. ಬಿದ್ದದ್ದು ಏನೆಂದು ನೋಡಲು ಅದೇ ನಾಲ್ಕೈದು ತಲೆಗಳು ಮೇಜಿನ ಮೇಲೆ ಬಾಗುತ್ತವೆ.